ಹಲ್ಲು ಕಟ್ಟುವವನ ಮಗಳು

ಆ ಮನೆಯಲ್ಲಿ ಯಾರಿಗಾದರೂ ಬುದ್ಧಿ ಹೇಳುವುದಿದ್ದರೆ ಊಟದ ಹೊತ್ತನ್ನೇ ಆರಿಸಿಕೊಳ್ಳುತ್ತಿದ್ದರು. ಬಾಯಲ್ಲಿ ತುತ್ತಿರುವವರು ತಿರುಗಿ ಮಾತಾಡಲಾರರು ಎಂಬುದು ಲೆಕ್ಕಾಚಾರ. ಅಜ್ಜಿಯ ವಿಷಯದಲ್ಲಿ ಮಾತ್ರ ಇದು ಉಲ್ಟಾ. ಅವಳು ಉಣ್ಣುವಾಗ ಹಲ್ಲಿನ ಸೆಟ್ಟನ್ನು ತೆಗೆದು ನೀರಿನ ಲೋಟದಲ್ಲಿ ಹಾಕಿಡುತ್ತಿದ್ದಳು. ಜಗಳದ ವಾಸನೆ ಬಂದ ಕೂಡಲೇ ಎತ್ತಿ ಹಾಕಿಕೊಳ್ಳುತ್ತಿದ್ದಳು. ಸೆಟ್ಟು ಕಟ್ಟಿಕೊಟ್ಟವನು ಅವಳ ಮಗನೇ, ಅಂದರೆ ಅಪ್ಪ. ಊಟಕ್ಕಾಗದ ಹಲ್ಲು ಕಟ್ಟಿದ್ದಾನೆ ಎಂದು ಬಂದವರ ಮುಂದೆಲ್ಲ ಅವಳು ದೂರುವಳು. ಮಾತಿಗಾದರೂ ಆಯಿತಲ್ಲ ಎಂದು ಅವನು ಹೇಳುವನು.

ಮನೆಯ ಮುಂದಿನ ಕೋಣೆಯೇ ಕೆಲಸದ ಜಾಗ. ಊರಿನ ನಾಲ್ಕು ಜನ ಹಲ್ಲಿನ ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸುವರು. ಅಪ್ಪ ಅದಕ್ಕೆ ಪ್ಲಾಸ್ಟರ್ ಸುರಿದು ಒಸಡಿನ ಮಾದರಿ ಮಾಡಿ, ಅದರ ಮೇಲೆ ಮೇಣದ ದಿಂಡು ಕೂರಿಸಿ, ಮೇಣದಲ್ಲಿ ಒಂದೊಂದೇ ಹಲ್ಲು ನೆಡಬೇಕು. ರೋಗಿ ಅದನ್ನು ಒಮ್ಮೆ ಬಾಯಲ್ಲಿಟ್ಟು ಕನ್ನಡಿ ನೋಡಿ ಸೈ ಎಂದ ಮೇಲೆ ಮೇಣ ಕರಗಿಸಿ, ಆ ಜಾಗಕ್ಕೆ ಒಸಡಿನ ಬಣ್ಣದ ಪ್ಲಾಸ್ಟಿಕ್ ತುಂಬಿ ಬೇಯಿಸಿ, ಉಜ್ಜಿ ಹೊಳಪು ಕೊಟ್ಟರೆ ಮುಗಿಯಿತು. ಇಷ್ಟರಲ್ಲಿ ನಾಜೂಕಿನದೆಂದರೆ ಹಲ್ಲು ನೆಡುವುದು. ಒಂದೂವರೆ ವರ್ಷದಿಂದ ಅದನ್ನು ಮಾಡುತ್ತಿದ್ದವಳು ಹದಿನೇಳು ವರ್ಷದ ಮಗಳು. ಅಪ್ಪ ಕೊನೆಯಲ್ಲಿ ಹೆಬ್ಬೆರಳಿನಿಂದ ಸವರಿ, ಮೇಲಿನ ಸಾಲು ಕೆಳಗಿನ ಸಾಲಿಗೆ ಕಚ್ಚುತ್ತದೆಯೇ ಎಂದು ತಟ್ಟಿ ಕೇಳಿ, "ಹೂಂ, ನಡಿಯುತ್ತೆ" ಎನ್ನುವನು.

ಆ ಮಗಳು ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಶಿಲ್ಪಕಲೆಯ ಶಾಲೆಯ ಅರ್ಜಿಯನ್ನು ತಟ್ಟೆಯ ಪಕ್ಕದಲ್ಲಿಟ್ಟಳು. ಬೇರೆ ಊರು, ಐದು ವರ್ಷ, ಹಾಸ್ಟೆಲು. ತಾನು ಮಾಡಿದ ಹತ್ತು ಕೆಲಸಗಳ ಫೋಟೋ ಲಗತ್ತಿಸಬೇಕು, ತಂದೆ ಸಹಿ ಹಾಕಬೇಕು, ತಿಂಗಳ ಕೊನೆಯೊಳಗೆ ಕಳಿಸಬೇಕು.

"ಕಲ್ಲು ಕೆತ್ತೋಕೆ ಐದು ವರ್ಷವಾ?" ಅಂದಳು ಅಮ್ಮ.

"ಮಣ್ಣು, ಮರ, ಕಂಚು ಎಲ್ಲ ಇರುತ್ತಮ್ಮ."

"ಎಲ್ಲ ಇರುತ್ತೆ, ಕೆಲಸ ಒಂದು ಬಿಟ್ಟು."

ಅಮ್ಮ ನೀರು ಸರಬರಾಜು ಕಚೇರಿಯಲ್ಲಿ ದೂರು ಸ್ವೀಕರಿಸುವ ಕಿಟಕಿಯ ಹಿಂದೆ ಕೂರುವವಳು. ಬೆಳಗಿನಿಂದ ಸಂಜೆವರೆಗೆ ಜನರ ಬೈಗುಳ ಕೇಳಿ ಅದನ್ನು ಸೌಮ್ಯ ಭಾಷೆಯಲ್ಲಿ ಬರೆದುಕೊಳ್ಳುವುದು ಅವಳ ಕೆಲಸ. ಮನೆಗೆ ಬಂದ ಮೇಲೆ ಸೌಮ್ಯ ಭಾಷೆ ಮುಗಿದಿರುತ್ತಿತ್ತು.

ಅಪ್ಪ ಅರ್ಜಿಯನ್ನು ಎತ್ತಿ, ಓದಿದವನಂತೆ ಸ್ವಲ್ಪ ಹೊತ್ತು ಹಿಡಿದು, ಮಡಿಸಿಟ್ಟ. "ಕೈಯಲ್ಲಿ ಒಂದು ಕಸುಬಿದೆ. ಜನಕ್ಕೆ ಹಲ್ಲು ಬೀಳೋದು ನಿಲ್ಲಲ್ಲ. ಕಲ್ಲಿನ ಗೊಂಬೆ ಯಾರಿಗೆ ಬೇಕು?"

"ನಂಗೆ ಬೇಕು."

ಅಜ್ಜಿ ಲೋಟದ ಕಡೆ ಕೈ ಚಾಚಿದಳು. ಅಷ್ಟರಲ್ಲಿ ಮಗಳು ತಟ್ಟೆ ಎತ್ತಿಕೊಂಡು ಎದ್ದುಹೋದಳು. ಅಜ್ಜಿ ಹಲ್ಲನ್ನು ಮತ್ತೆ ನೀರಿಗೆ ಬಿಟ್ಟಳು.

ಅಂದಿನಿಂದ ಮನೆಗೆ ಬುದ್ಧಿ ಹೇಳುವವರು ಬರತೊಡಗಿದರು. ಕರೆಸುತ್ತಿದ್ದವನು ಅಪ್ಪ. ಮೊದಲು ಬಂದವರು ಎದುರು ಮನೆಯ ನಿವೃತ್ತ ಮೇಷ್ಟ್ರು. ಕಲೆಯನ್ನು ಹವ್ಯಾಸವಾಗಿ ಇಟ್ಟುಕೊಳ್ಳಬೇಕು ಎಂದು ಒಂದು ಗಂಟೆ ಹೇಳಿದರು. ಅವರ ಹವ್ಯಾಸ ಏನು ಎಂದು ಮಗಳು ಕೇಳಿದಾಗ ಯೋಚಿಸಿ, ಈಗ ಯಾವುದೂ ಇಲ್ಲ ಎಂದರು.

ಮುಂದಿನ ವಾರ ಅಮ್ಮನ ತಮ್ಮ ಬಂದ. ಮನೆತನದಲ್ಲಿ ಕಲೆಯನ್ನು ಮುಟ್ಟಿ ಕೈ ಸುಟ್ಟುಕೊಂಡವನು ಅವನೊಬ್ಬನೇ ಆದ್ದರಿಂದ ಅವನ ಮಾತಿಗೆ ತೂಕವಿರುತ್ತದೆ ಎಂದು ಅಮ್ಮನಿಗೆ ಭರವಸೆ. ಹಿಂದೆ ಚಿತ್ರಮಂದಿರಗಳ ಮುಂದೆ ನಿಲ್ಲಿಸುವ ದೊಡ್ಡ ಚಿತ್ರಗಳನ್ನು ಬರೆಯುತ್ತಿದ್ದ. ಈಗ ಬಣ್ಣದ ಅಂಗಡಿಯಲ್ಲಿ, ಮಿಷನ್ನು ಬೆರೆಸಿಕೊಟ್ಟ ಡಬ್ಬಿಗಳಿಗೆ ಮುಚ್ಚಳ ಬಡಿಯುತ್ತಾನೆ.

"ಮಾವ, ಅಷ್ಟು ದೊಡ್ಡ ಮುಖ ಹೇಗೆ ಬರೀತಿದ್ರಿ? ಹತ್ತಿರ ನಿಂತ್ರೆ ಏನೂ ಕಾಣಲ್ವಲ್ಲ?"

"ಅದೇ ನೋಡು ಮಜಾ. ಹೀರೋ ಮೂಗು ಈ ಬಾಗಿಲಿನಷ್ಟು. ಏಣಿ ಮೇಲೆ ನಿಂತವನಿಗೆ ಬರೀ ಕಂದು ಗೋಡೆ. ಒಂದೊಂದು ಸಲ ಬ್ರಷ್ಷು ಹಾಕಿದಾಗಲೂ ಇಳಿದು, ರಸ್ತೆ ದಾಟಿ, ಆ ಕಡೆ ಫುಟ್‌ಪಾತಿಂದ ನೋಡಬೇಕು. ಒಂದು ಮೂಗಿಗೆ ನಾನು ಎಷ್ಟು ಸಲ ರಸ್ತೆ ದಾಟಿದೀನಿ ಗೊತ್ತಾ? ಎರಡು ಸಲ ಸೈಕಲ್ ಗುದ್ದಿದೆ."

ಎರಡು ಗಂಟೆ ಹೀಗೇ ನಡೆಯಿತು. ಕಿಟಕಿಯ ಮೇಲೆ ಮಗಳು ಉಳಿದ ಮೇಣದಲ್ಲಿ ಮಾಡಿಟ್ಟಿದ್ದ ಪುಟ್ಟ ತಲೆಗಳನ್ನು ಮಾವ ಒಂದೊಂದಾಗಿ ತಿರುಗಿಸಿ ನೋಡಿದ. ಬಿಸಿಲಿಗೆ ಅಜ್ಜಿಯ ತಲೆ ಒಂದು ಕಡೆ ವಾಲಿತ್ತು. ಅದನ್ನು ಕೆಳಗಿಟ್ಟು ಇನ್ನೊಂದು ಲೋಟ ಚಹಾ ಕೇಳಿದ.

ಹೊರಡುವಾಗ ಅಮ್ಮ ಬಾಗಿಲಲ್ಲಿ ಹಿಡಿದು, "ಬುದ್ಧಿ ಹೇಳು ಅಂತ ಕರೆಸಿದ್ರೆ ನಿನ್ನ ಕಥೆ ಹೇಳ್ಕೊಂಡು ಕೂತೆಯಲ್ಲೋ," ಅಂದಳು.

"ಅಕ್ಕಾ, ನನ್ನನ್ನ ಈ ವಿಷಯ ಯಾರಾದ್ರೂ ಕೇಳಿ ಹನ್ನೊಂದು ವರ್ಷ ಆಯ್ತು. ಬಾಯಿಗೆ ಬಂದ್ಬಿಡ್ತು," ಅಂದ ಮಾವ, ಚಪ್ಪಲಿ ಮೆಟ್ಟುತ್ತಾ.

ಬೆಳಿಗ್ಗೆ ಮಾತ್ರ ಆ ಮನೆಯಲ್ಲಿ ಒಂದು ಸಮಾಧಾನವಿತ್ತು. ಅಮ್ಮ ಕಚೇರಿಗೆ ಹೊರಡುವ ಮೊದಲು ಪೇಪರನ್ನು ಗಟ್ಟಿಯಾಗಿ ಓದುವಳು, ಅಪ್ಪ ಗೋಡೆಗೊರಗಿ ಕಣ್ಣು ಮುಚ್ಚಿ ಕೇಳುವನು. ಹಿಂದೆ ಈ ರೂಢಿ ಇರಲಿಲ್ಲ. ಒಂದು ದಿನ "ನೀನೇ ಓದು, ನಿನ್ನ ಬಾಯಲ್ಲಿ ಕೇಳೋಣ" ಎಂದು ಅವನೇ ಶುರು ಮಾಡಿಸಿದ್ದ. ಅಮ್ಮ ಯಾರಿಗೂ ಹೇಳಿಕೊಳ್ಳದಿದ್ದರೂ, ಆ ಅರ್ಧ ಗಂಟೆಗಾಗಿ ಇಪ್ಪತ್ತು ನಿಮಿಷ ಬೇಗ ಏಳುತ್ತಿದ್ದಳು.

ಬುದ್ಧಿಮಾತು ಹೆಚ್ಚಿದಷ್ಟೂ ಮಗಳ ಮಾತು ಕಡಿಮೆಯಾಯಿತು. ಅಪ್ಪನ ಎದುರಿನ ಸ್ಟೂಲಿನಲ್ಲಿ ಕೂತು, ದೀಪದ ಉರಿಗೆ ಚಾಕು ಹಿಡಿದು, ಮೇಣ ಕರಗಿಸಿ ಹಲ್ಲು ನೆಡುವಳು. ಇಬ್ಬರ ನಡುವೆ ಎರಡಡಿ ಮೇಜು. ಅದರ ಮೇಲೆ ಮೂರು ನಾಲ್ಕು ಬಾಯಿಗಳು ಸದಾ ತೆರೆದಿರುತ್ತಿದ್ದವು. ಮಾತಾಡುವ ಬಾಯಿ ಯಾವುದೂ ಇರಲಿಲ್ಲ.

ಆ ದಿನಗಳಲ್ಲೇ, ಊರಿನ ನಾಲ್ವರಲ್ಲಿ ಒಬ್ಬರಾದ ಡಾಕ್ಟರಮ್ಮನ ಕ್ಲಿನಿಕ್ಕಿನಿಂದ ಒಂದು ಮೇಲಿನ ಸೆಟ್ಟಿನ ಕೆಲಸ ಬಂತು. ರೋಗಿ ಟೆಲಿಫೋನ್ ಆಪರೇಟರಾಗಿ ನಿವೃತ್ತರಾದ, ಎಪ್ಪತ್ತು ದಾಟಿದ ಹೆಂಗಸು. ಮೇಣದ ಸೆಟ್ಟು ಒಯ್ದುಕೊಟ್ಟ ದಿನ ಮಗಳು ಅಲ್ಲೇ ನಿಂತಿದ್ದಳು. ಹಲ್ಲಿನ ಅಳತೆ ನೋಡುವುದಕ್ಕೆ ಹಳೇ ಫೋಟೋ ಇದ್ದರೆ ತನ್ನಿ ಎಂದು ಡಾಕ್ಟರಮ್ಮ ಹೇಳಿದ್ದರು. ಆಕೆ ಪರ್ಸಿನಿಂದ ಒಂದು ಮಾಸಿದ ಫೋಟೋ ತೆಗೆದರು. ಇಪ್ಪತ್ತರ ಹುಡುಗಿ, ಕತ್ತು ಓರೆ ಮಾಡಿ ನಗುತ್ತಿದ್ದಾಳೆ. ಎಡಗಡೆಯ ಮುಂದಿನ ಹಲ್ಲು ಪಕ್ಕದ್ದರ ಮೇಲೆ ಏರಿ ಕೂತಿದೆ.

"ಆಗ ಹೀಗಿದ್ದೆ ನೋಡಿ," ಅಂದರು ಆಕೆ. ಆಮೇಲೆ ಮೇಣದ ಸೆಟ್ಟು ಹಾಕಿಕೊಂಡು ಕನ್ನಡಿ ನೋಡಿ, ಚೆನ್ನಾಗಿದೆ ಅಂದರು.

ಮಗಳಿಗೆ ಚೆನ್ನಾಗಿದೆ ಅನ್ನಿಸಲಿಲ್ಲ. ಆ ಫೋಟೋದವಳು ಎಲ್ಲೋ ಹೋಗಿ, ಅವಳ ಜಾಗದಲ್ಲಿ ಕ್ಯಾಲೆಂಡರಿನ ನಗು ಬಂದು ಕೂತ ಹಾಗೆ ಅನ್ನಿಸಿತು. ಮನೆಗೆ ಬಂದು, ಸೈ ಅನ್ನಿಸಿಕೊಂಡಿದ್ದ ಮೇಣದಿಂದ ಆ ಒಂದು ಹಲ್ಲನ್ನು ಕಿತ್ತು, ಕೂದಲೆಳೆಯಷ್ಟು ತಿರುಗಿಸಿ, ಪಕ್ಕದ್ದರ ಮೇಲೆ ಏರಿಸಿ ನೆಟ್ಟಳು. ಮೂರು ಸಲ ಕಿತ್ತು ನಾಲ್ಕನೇ ಸಲಕ್ಕೆ ಸರಿಯಾಯಿತು. ಅಪ್ಪನ ಮುಂದಿಟ್ಟು ನಿಂತಳು. ಬೈದರೆ ಉತ್ತರ ಸಿದ್ಧವಿತ್ತು.

ಅಪ್ಪ ಹೆಬ್ಬೆರಳಿನಲ್ಲಿ ಸವರಿದ. ತಟ್ಟಿ ಕೇಳಿದ. "ಹೂಂ, ನಡಿಯುತ್ತೆ."

ಅಪ್ಪ ಒಪ್ಪಿದ ಎಂದುಕೊಂಡಳು. ಮಾತಿನಲ್ಲಿ ಹೇಳಲಾರದ್ದನ್ನು ಹೀಗೆ ಹೇಳಿದ ಎಂದುಕೊಂಡಳು. ಎಷ್ಟೋ ದಿನದ ಮೇಲೆ ಅವತ್ತು ಎರಡನೇ ಸಲ ಅನ್ನ ಬಡಿಸಿಕೊಂಡಳು. ಬೇಯಿಸಿ ಹೊಳಪು ಕೊಟ್ಟ ಸೆಟ್ಟಿನ ಫೋಟೋ ತೆಗೆದು, ಅರ್ಜಿಗೆ ಬೇಕಾಗಿದ್ದ ಹತ್ತರಲ್ಲಿ ಒಂದನ್ನಾಗಿ ಸೇರಿಸಿದಳು.

ಸೆಟ್ಟು ಕೊಟ್ಟುಬಂದ ಮಾರನೇ ದಿನವೇ ಕ್ಲಿನಿಕ್ಕಿನಿಂದ ಫೋನು. ಅಪ್ಪ ಮಗಳು ಇಬ್ಬರೂ ಹೋದರು.

ಟೆಲಿಫೋನಿನ ಹೆಂಗಸು ಕುರ್ಚಿಯಲ್ಲಿ ಕೂತಿದ್ದರು. ಹಲ್ಲು ಎದುರಿನ ತಟ್ಟೆಯಲ್ಲಿತ್ತು. ಕೈ ಬಾಯಿಯ ಮೇಲಿತ್ತು.

"ಯಜಮಾನ್ರೇ, ಏನಿದು?" ಅಂದರು ಡಾಕ್ಟರಮ್ಮ. "ನಾನು ಸರಿ ಅಂತ ಕಳಿಸಿದ್ದು ಒಂದು, ನೀವು ತಂದುಕೊಟ್ಟಿದ್ದು ಒಂದು."

ಮಗಳು ಮುಂದೆ ಬಂದು, "ಅಜ್ಜೀ, ಫೋಟೋದಲ್ಲಿ ಇರೋ ಹಾಗೇ ಇದೆ. ಅದು ನಿಮ್ಮದೇ," ಅಂದಳು.

ಆಕೆ ಕೈ ತೆಗೆಯದೆ ಮಾತಾಡಿದರು. ಹಲ್ಲಿಲ್ಲದಿದ್ದರೂ ಅಕ್ಷರ ಅಕ್ಷರ ಸ್ಪಷ್ಟ. "ನಂದೇ ಕಣಮ್ಮ. ಅದಕ್ಕೇ ಹೇಳ್ತಿರೋದು. ಆ ಹಲ್ಲಿಗೋಸ್ಕರ ಚಿಕ್ಕಂದಿನಿಂದ ಬಾಯಿಗೆ ಕೈ ಅಡ್ಡ ಹಿಡ್ಕೊಂಡೇ ನಕ್ಕಿದೀನಿ. ಎಕ್ಸ್‌ಚೇಂಜ್ ಕೆಲಸಕ್ಕೆ ಸೇರಿದ್ದೂ ಅದಕ್ಕೇ, ಅಲ್ಲಿ ಯಾರೂ ಮುಖ ನೋಡಲ್ಲ ಅಂತ. ಆ ಫೋಟೋ ತೆಗೆದವನು ಹೇಳದೆ ಕೇಳದೆ ತೆಗೆದುಬಿಟ್ಟ. ನಂದು ಅಂತ ಇರೋ ಫೋಟೋ ಅದೊಂದೇ, ಅದಕ್ಕೇ ತಂದೆ. ಎಲ್ಲ ಹಲ್ಲೂ ಉದುರಿದಾಗ ಅಳ್ತಾರೆ ಜನ. ನಾನು, ಸದ್ಯ ಅದೂ ಹೋಯ್ತು ಅಂತ ಒಂದು ದಿನ ನೆಮ್ಮದಿಯಾಗಿ ಕೂತಿದ್ದೆ. ನೀನು ಹುಡುಕಿ ತಂದು ಮತ್ತೆ ಅಲ್ಲೇ ಇಟ್ಟೆ."

ಮಗಳು ಒಂದು ಹೆಜ್ಜೆ ಹಿಂದೆ ಸರಿದಳು.

"ಅವಳದ್ದಲ್ಲ ತಪ್ಪು," ಅಂದ ಅಪ್ಪ. "ನಾನೇ ಹಾಗೆ ನೆಟ್ಟಿದ್ದು. ನಾನೇ ನೋಡಿ ಕಳಿಸಿದ್ದು."

"ನೋಡಿ ಕಳಿಸಿದ್ರಾ?" ಡಾಕ್ಟರಮ್ಮ ತಟ್ಟೆಯನ್ನು ಅವನ ಕಡೆ ಸರಿಸಿದರು. "ಇದು ನೋಡಿಯೂ ಕಳಿಸೋ ಹಲ್ಲಾ?"

"ಇದು ಸ್ವಲ್ಪ ಹೆಚ್ಚಾಯ್ತು, ಒಪ್ಕೋತೀನಿ," ಎನ್ನುತ್ತಾ ಅಪ್ಪ ಬೆರಳು ಮಾಡಿ ತೋರಿಸಿದ. ಬಲಗಡೆಯ, ನೆಟ್ಟಗೆ ಸಿಪಾಯಿಯ ಹಾಗೆ ನಿಂತಿದ್ದ ಹಲ್ಲನ್ನು ತೋರಿಸಿದ.

ಡಾಕ್ಟರಮ್ಮ ಅವನ ಮುಖ ನೋಡಿದರು, ಮಗಳ ಮುಖ ನೋಡಿದರು. "ಹೊಸದು ಮಾಡಿಕೊಡಿ. ಹತ್ತು ದಿನದಲ್ಲಿ," ಎಂದಷ್ಟೇ ಹೇಳಿ ಕೈ ತೊಳೆಯಲು ಹೋದರು.

ದಾರಿಯಲ್ಲಿ ಮಗಳು ಎರಡು ತಿರುವಿನವರೆಗೆ ಅಪ್ಪನನ್ನೇ ನೋಡುತ್ತಾ ನಡೆದಳು. ಅಪ್ಪ ಎಂದಿನಂತೆಯೇ ನಡೆಯುತ್ತಿದ್ದ, ಎದುರು ಬಂದವರಿಗೆ ದಾರಿ ಬಿಡುತ್ತಿದ್ದ. ಗಟಾರದ ಕಲ್ಲು ದಾಟುವಾಗ ಮಾತ್ರ ಕತ್ತು ಓರೆ ಮಾಡಿ ಪಕ್ಕದಿಂದ ನೋಡಿದ. ಅದು ಅವನ ಅಭ್ಯಾಸ ಅಂದುಕೊಂಡಿದ್ದಳು.

"ಎಷ್ಟು ದಿನದಿಂದ ಅಪ್ಪಾ?"

"ಒಂದೂವರೆ ವರ್ಷ."

"ನಾನು ಹಲ್ಲು ನೆಡೋಕೆ ಶುರು ಮಾಡಿದಾಗಿನಿಂದ."

"ಹೂಂ. ನೆಟ್ಟಗೆ ನೋಡಿದ ಕಡೆ ಒಂದು ಮಸುಕು ಕೂತಿದೆ. ಸುತ್ತ ಎಲ್ಲ ಕಾಣುತ್ತೆ. ಏನು ನೋಡಬೇಕೋ ಅದು ಕಾಣಲ್ಲ. ಕನ್ನಡಕದಿಂದ ಹೋಗಲ್ವಂತೆ."

"ಅಮ್ಮನಿಗೆ?"

"ಹೇಳಿಲ್ಲ. ನೀನೂ ಹೇಳ್ಬೇಡ."

ಹೇಳುವ ಅಗತ್ಯವೇ ಬೀಳಲಿಲ್ಲ. ಮಗಳು ಮನೆಗೆ ಬಂದವಳೇ ಅರ್ಜಿಯನ್ನು ಮಡಿಸಿ, ಪ್ಲಾಸ್ಟರ್ ಚೀಲದ ಅಡಿಗೆ ಹಾಕಿ, "ನಾನು ಎಲ್ಲೂ ಹೋಗಲ್ಲ," ಅಂದಳು. ಅಮ್ಮನಿಗೆ ಸಂತೋಷವಾಗಬೇಕಾಗಿತ್ತು. ಆದರೆ ದಿನಕ್ಕೆ ಐವತ್ತು ಜನರ ದೂರು ಕೇಳುವ ಕಿವಿ ಅದು. ಯಾವ ಪೈಪು ಎಲ್ಲಿ ಒಡೆದಿದೆ ಎಂದು ದನಿಯಿಂದಲೇ ತಿಳಿಯುತ್ತಿತ್ತು.

"ಏನಾಯ್ತು?" ಎಂದು ಮಗಳನ್ನು ಕೇಳಿದಳು. ಆಮೇಲೆ ಅಪ್ಪನ ಕಡೆ ತಿರುಗಿದಳು. "ರೀ, ಏನಾಯ್ತು?"

ಅಪ್ಪ ಹೇಳಿದ. ನಾಲ್ಕು ವಾಕ್ಯ ಸಾಕಾಯಿತು.

ಅಮ್ಮ ಕುದಿಯುತ್ತಿದ್ದ ಸಾರನ್ನು ಇಳಿಸಿ, ಒಲೆ ಆರಿಸಿ ಕೂತಳು. "ಊರಿನ ದೂರೆಲ್ಲ ನನ್ನ ಕಿಟಕಿಗೆ ಬರುತ್ತೆ. ನನ್ನ ಮನೇದು ಒಂದು ಬರಲಿಲ್ಲ."

"ಸುಮ್ನೆ ನಿಂಗ್ಯಾಕೆ ಗಾಬರಿ ಅಂತ..."

"ಪೇಪರು?" ಅಂದಳು ಅಮ್ಮ.

ಅಪ್ಪ ಮುಖವನ್ನು ಬಾಗಿಲ ಕಡೆ ತಿರುಗಿಸಿದ.

"ಓದೋಕೆ ಆಗ್ತಿರಲಿಲ್ಲ, ಅದಕ್ಕೆ ನನ್ನ ಕೈಲಿ ಓದಿಸ್ತಿದ್ರಿ. ಅಷ್ಟೇ ತಾನೆ. ನಾನೇನೋ ಅಂದ್ಕೊಂಡಿದ್ದೆ."

ಏನು ಅಂದುಕೊಂಡಿದ್ದಳು ಎಂದು ಯಾರೂ ಕೇಳಲಿಲ್ಲ. ಅಜ್ಜಿ ಹಲ್ಲು ಹಾಕಿಕೊಂಡೇ ಕೂತಿದ್ದಳು, ಆದರೂ ಜಗಳ ಆಡಲಿಲ್ಲ. "ನಂಗೆ ಗೊತ್ತಿತ್ತು," ಅಂದಳು. "ನಾನು ಸದ್ದಿಲ್ಲದೆ ನಕ್ಕರೆ ಅವನು ತಿರುಗಿ ನಗ್ತಿರಲಿಲ್ಲ. ಮೊದಲು ಸಿಟ್ಟು ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು."

"ಗೊತ್ತಿದ್ದೂ ಹೇಳಲಿಲ್ವಾ ಅತ್ತೆ?"

"ಅವನು ನಂಗೆ ಹೇಳಿದ್ರೆ ತಾನೆ ನಾನು ನಿಂಗೆ ಹೇಳೋದು."

ಅವತ್ತು ಸಾರು ತಣ್ಣಗಾಗಿಯೇ ತಟ್ಟೆಗೆ ಬಿತ್ತು. ಮಾರನೇ ದಿನದಿಂದ ಅಮ್ಮ ಮೊದಲಿನ ಹೊತ್ತಿಗೇ ಎದ್ದಳು. ಪೇಪರು ಬಾಗಿಲಲ್ಲಿ ಸುರುಳಿಯಾಗಿ ಬಿದ್ದಿರುತ್ತಿತ್ತು.

ಮಗಳು ಹೊಸ ಸೆಟ್ಟಿಗೆ ಕೂತಳು. ಈ ಬಾರಿ ಯಾವ ಹಲ್ಲನ್ನೂ ಮೂರು ಸಲ ಕೀಳಲಿಲ್ಲ. ಎಲ್ಲರಿಗೂ ಇರುವಂಥ ಹದಿನಾಲ್ಕು ಹಲ್ಲು, ಎಲ್ಲರಿಗೂ ಇರುವಂಥ ಸಾಲು. ಕೊಡಲು ಹೋದಾಗ ಟೆಲಿಫೋನಿನ ಹೆಂಗಸು ಹಾಕಿಕೊಂಡು ಕನ್ನಡಿ ನೋಡಿದರು. ನಿಧಾನವಾಗಿ ಕೈಯನ್ನು ತೊಡೆಯ ಮೇಲಿಳಿಸಿದರು. ಆಮೇಲೆ ನಕ್ಕರು, ಕೈ ಇಲ್ಲದೆ. ಎಡಕ್ಕೆ ತಿರುಗಿ ನಕ್ಕರು, ಬಲಕ್ಕೆ ತಿರುಗಿ ನಕ್ಕರು.

"ಹೇಗಿದೆ?" ಎಂದು ಮಗಳನ್ನೇ ಕೇಳಿದರು.

"ಚೆನ್ನಾಗಿದೆ ಅಜ್ಜಿ," ಅಂದಳು. ಬಸ್ ಸ್ಟಾಪಿನಲ್ಲಿ ನಿಂತಾಗ ಆ ಮುಖವನ್ನು ನೆನಪಿಸಿಕೊಳ್ಳಲು ನೋಡಿದಳು. ಆಗಲಿಲ್ಲ. ಫೋಟೋದ ಮುಖವೇ ಬರುತ್ತಿತ್ತು.

ಅರ್ಜಿಗೆ ಇನ್ನು ಮೂರು ದಿನ ಉಳಿದಿತ್ತು. ಮಧ್ಯಾಹ್ನ ಅಪ್ಪ ಪ್ಲಾಸ್ಟರ್ ಚೀಲವನ್ನು ಸರಿಸಿ, ಅಡಿಯಲ್ಲಿದ್ದ ಕಾಗದವನ್ನು ಕೈಯಿಂದಲೇ ಹುಡುಕಿ ತೆಗೆದು, ಬಿಳಿಯ ಪುಡಿ ಕೊಡವಿ ಮೇಜಿನ ಮೇಲೆ ಹರಡಿದ.

"ಬೇಡಪ್ಪ," ಅಂದಳು ಮಗಳು. "ನೀನೊಬ್ಬನೇ ಏನ್ಮಾಡ್ತೀಯ?"

"ಪ್ಲಾಸ್ಟರ್ ಸುರೀತೀನಿ. ಪಾಲಿಷ್ ಮಾಡ್ತೀನಿ. ಅದಕ್ಕೆ ಕಣ್ಣು ಬೇಡ."

"ಹಲ್ಲು ನೆಡೋದು?"

"ಅದು ನೋಡ್ಕೋತೀನಿ." ಹಾಗೆಂದ ಮೇಲೆ ಕಾಗದದ ಮಡಿಕೆಯನ್ನು ಅಂಗೈಯಿಂದ ಸವರಿದ. "ನಾನು ಮೇಷ್ಟ್ರನ್ನ ಕರೆಸಿದೆ, ನಿಮ್ಮಮ್ಮನ ತಮ್ಮನ್ನ ಕರೆಸಿದೆ. ನಿನ್ನ ಒಳ್ಳೇದಕ್ಕೆ ಅಂತ ನಂಗೆ ನಾನೇ ಹೇಳ್ಕೊಂಡೆ. ನಂಗೆ ಬೇಕಾಗಿದ್ದು ನಿನ್ನ ಕಣ್ಣು. ಅದಕ್ಕೆ ಬುದ್ಧಿಮಾತು ಅಂತ ಹೆಸರಿಟ್ಟೆ."

"ನಾನು ಮಾಡಿದ್ದು ನೋಡಿದೆಯಲ್ಲ. ಆ ಅಜ್ಜಿ ಮುಖ ಮುಚ್ಕೊಂಡ್ಬಿಟ್ರು. ನನ್ನ ಕೈಲಿ ಆಗಲ್ಲ."

"ನೋಡಲಿಲ್ಲ ಅನ್ನೋದೇ ತಾನೆ ಸಮಸ್ಯೆ." ಅಪ್ಪ ಸ್ವಲ್ಪ ನಕ್ಕ. "ಆ ಸೆಟ್ಟನ್ನ ನಾನು ಆಮೇಲೆ ಅರ್ಧ ಗಂಟೆ ಬೆರಳಲ್ಲಿ ನೋಡಿದೆ. ಅಷ್ಟು ಸಣ್ಣ ಸೊಟ್ಟ ನೆಡೋಕೆ ನಂಗೆ ಕಣ್ಣಿದ್ದಾಗಲೂ ಬರ್ತಿರಲಿಲ್ಲ. ಕೆಲಸ ಸರಿಯಾಗಿಯೇ ಇತ್ತು. ಬಾಯಿ ಅವರದ್ದು, ನೀನು ಕೇಳಲಿಲ್ಲ. ಹೋಗು. ಕಲ್ಲು ಕನ್ನಡಿ ನೋಡ್ಕೊಳ್ಳಲ್ಲ, ಅಲ್ಲಿ ಎಷ್ಟು ಸೊಟ್ಟ ಬೇಕಾದ್ರೂ ಮಾಡು."

ಮಗಳು ಅಳುತ್ತಿದ್ದಳೋ ಇಲ್ಲವೋ ಅವನಿಗೆ ಕಾಣಲಿಲ್ಲ. ಪೆನ್ನು ತೆಗೆದು, "ಎಲ್ಲಿ ಹಾಕಬೇಕು?" ಅಂದ.

ಅವಳು ಸಹಿಯ ಗೆರೆಯ ಕೆಳಗೆ ತನ್ನ ಉಗುರನ್ನು ಒತ್ತಿ ಹಿಡಿದಳು. ಅವನು ಎಡಗೈಯಿಂದ ಆ ಉಗುರನ್ನು ಮುಟ್ಟಿ ನೋಡಿ, ಅದರ ಮೇಲೇ ಸಹಿ ಹಾಕಿದ. ಕೊನೆಯ ಅಕ್ಷರದ ಬಾಲ ಅವಳ ಬೆರಳಿನ ಮೇಲೂ ಎಳೆಯಿತು.

ಸೀಟು ಸಿಕ್ಕಿ ಅವಳು ಹೋಗಿ ಏಳು ವಾರವಾಯಿತು. ಮೂವರು ಡಾಕ್ಟರುಗಳು ಬೇರೆ ಕಡೆ ಕೆಲಸ ಕೊಡತೊಡಗಿದರು. ಡಾಕ್ಟರಮ್ಮ ಮಾತ್ರ ಒಡೆದ ಸೆಟ್ಟುಗಳ ರಿಪೇರಿ ಕಳಿಸುತ್ತಾರೆ. ಕೆಲಸ ಬೇಗ ಮುಗಿಯುತ್ತದೆ, ಮಧ್ಯಾಹ್ನ ಉದ್ದವಾಗುತ್ತದೆ. ಅಮ್ಮ ಒಂದು ಬೆಳಿಗ್ಗೆ ಪೇಪರಿನ ಸುರುಳಿ ಬಿಚ್ಚಿ, ಯಾರನ್ನೂ ನೋಡದೆ, ಸಾವಿನ ಸುದ್ದಿಗಳಿಂದ ಓದಲು ಶುರು ಮಾಡಿದಳು. ದನಿ ಕಚೇರಿಯ ಕಿಟಕಿಯ ಹಿಂದಿನದು, ಸೌಮ್ಯ. ಅಪ್ಪ ಕಣ್ಣು ತೆರೆದೇ ಕೇಳಿದ.

ಭಾನುವಾರ ಮಗಳ ಫೋನು ಬರುತ್ತದೆ. ಆ ಭಾನುವಾರವೂ ಬಂತು.

"ಏನ್ ಮಾಡಿಸ್ತಿದಾರೆ?"

"ಇನ್ನೂ ಮಣ್ಣು ತುಳಿಸ್ತಿದಾರಪ್ಪ. ತಿಂಗಳಿಂದ ಬರೀ ಮಣ್ಣು."

"ಒಳ್ಳೇದು. ಗೆಳತಿಯರು ಆದ್ರಾ?"

"ತುಂಬ ಜನ. ಈಗ ಎಲ್ಲ ಸೇರಿ ಪೇಟೆಗೆ ಹೊರಟಿದೀವಿ." ಅವಳ ಹಿಂದೆ ಯಾರ ದನಿಯೂ ಇರಲಿಲ್ಲ. ಎಲ್ಲೋ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು. ಇತ್ತೀಚೆಗೆ ಅಪ್ಪನ ಕಿವಿ ಚುರುಕಾಗಿದೆ. "ನಿಂಗೆ ಯಾರಾದ್ರೂ ಸಿಕ್ಕಿದ್ರಾ, ಹಲ್ಲು ನೆಡೋಕೆ?" ಅಂದಳು ಮಗಳು.

"ಸಿಕ್ಕಿದಾರೆ. ಇಲ್ಲೇ ಎದುರಿಗೇ ಕೂತಿದಾರೆ." ಎದುರಿನ ಸ್ಟೂಲಿನ ಮೇಲೆ ಪ್ಲಾಸ್ಟರಿನ ಬಕೆಟ್ಟಿತ್ತು.

"ಕೈ ಹೇಗಿದೆ ಅವರದ್ದು?"

"ನಿನ್ನಷ್ಟಿಲ್ಲ. ಪರವಾಗಿಲ್ಲ."

ಅಪ್ಪ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಊಟ ಆಯ್ತಾ?" ಅಂದ ಅಪ್ಪ.

"ಆಯ್ತು. ನಿಮ್ಮದೆಲ್ಲ?"

"ಆಯ್ತು, ಈಗ ತಾನೇ. ಎಲ್ಲ ಒಟ್ಟಿಗೆ ಕೂತಿದ್ವಿ."

ಒಳಗೆ ಅಮ್ಮ ಇನ್ನೂ ಅಕ್ಕಿ ತೊಳೆಯುತ್ತಿದ್ದಳು.